ತ್ಯಾಜ್ಯವಾವುದು, ಗ್ರಾಹ್ಯವಾವುದು?
(ಚರ್ಮಕಾಯಕದ ಉಪಕರಣಗಳನ್ನು ಕುರಿತು ಒಂದು ವಿಚಾರ)

ಯಾವ ಕ್ರಿಯೆಯಾದರೂ ಸಿದ್ಧಿಸಬೇಕಾದರೆ ಮಾಡುವವನೊಬ್ಬನಿರಬೇಕು, ಮಾಡಲ್ಪಡುವ ವಸ್ತುವೊಂದಿರಬೇಕು, ಮಾಡುವುದಕ್ಕೆ ಸಾಧನವೊಂದಿರಬೇಕು. ಕ್ರಿಯಾಸಿದ್ಧಿಗೆ ಎಲ್ಲಕ್ಕಿಂತ ಮಿಗಿಲಾಗಿ ಉಪಕರಿಸುವುದನ್ನೇ ಪಾಣಿನಿಯು ಕರಣವೆಂದು ಲಕ್ಷಣಿಸಿದನು. ಕರ್ತೃವು ಶುದ್ಧನೋ ಅಶುದ್ಧನೋ, ಫಲವು ಗ್ರಾಹ್ಯವೋ ತ್ಯಾಜ್ಯವೋ ಎಂದು ನಮ್ಮ ನೀತಿಗ್ರಂಥಗಳು ವಿಸ್ತಾರವಾಗಿ ವಿಚಾರಿಸಿವೆ. ಆದರೆ ಕೈಯಲ್ಲಿರುವ ಕರಣವು ಎಲ್ಲಿಂದ ಬಂದಿತು, ಅದನ್ನು ಮಾಡಿದವರು ಯಾರು, ಅದು ಯಾವ ವಸ್ತುವಿನಿಂದ ಆಯಿತು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಕಾಯಕವನ್ನು ಧರ್ಮದ ಮೂಲಸ್ಥಾನದಲ್ಲಿರಿಸಿದ ಶರಣಪಥದಲ್ಲಿ ನಡೆಯುವವರಿಗೆ ಈ ಪ್ರಶ್ನೆಯು ಸಣ್ಣದಲ್ಲ. ಅನ್ಯರು ಬಿಸುಟ ಕಬ್ಬಿಣ, ಮುರಿದ ಕಡ್ಡಿ, ಸವೆದ ಅಲಗುಗಳಿಂದ ತನ್ನ ಉಪಕರಣಗಳನ್ನು ತಾನೇ ಮಾಡಿಕೊಳ್ಳುವ ಚರ್ಮಕಾಯಕದವನನ್ನು ದೃಷ್ಟಾಂತವಾಗಿಟ್ಟುಕೊಂಡು ಅದನ್ನು ಪರ್ಯಾಲೋಚಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಶಬ್ದವನ್ನು ನೋಡೋಣ. ಚರ್ಮವನ್ನು ಚುಚ್ಚುವ ಮೊನೆಯುಳ್ಳ ಸಾಧನಕ್ಕೆ ಸಂಸ್ಕೃತದಲ್ಲಿ ‘ಆರಾ’ ಎಂದು ಹೆಸರು. ಋಗ್ವೇದದ ಆರನೆಯ ಮಂಡಲದಲ್ಲಿ ಪೂಷದೇವನ ಕೈಯಲ್ಲಿರುವುದು ಈ ಆರೆಯೇ. ಅಮರಕೋಶದಲ್ಲಿಯೂ ಈ ಶಬ್ದವು ದೊರೆಯುತ್ತದೆ; ಅಲ್ಲಿ ಅದಕ್ಕೆ ದೊರೆತ ಸ್ಥಾನ ಶೂದ್ರವರ್ಗ. ದೇವತೆಯ ಕೈಯಲ್ಲಿದ್ದಾಗ ಸ್ತುತ್ಯವಾದ ಮೊನೆಯು ಮನುಷ್ಯನ ಕೈಗೆ ಬಂದೊಡನೆ ಹೀನವಾಯಿತೆ? ಮೊನೆಯು ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು. ಹನ್ನೆರಡನೆಯ ಶತಮಾನದ ಶರಣರು ಈ ಕಣ್ಣನ್ನೇ ತಿದ್ದಿದರು. ಮಾದಾರ ಧೂಳಯ್ಯನು ತನ್ನ ಕಾಯಕದ ಉಳಿಯನ್ನೂ ಅಟ್ಟೆಯನ್ನೂ ಬಿಟ್ಟು ಬೇರೊಂದು ಪೂಜಾದ್ರವ್ಯವನ್ನು ಅರಸಲಿಲ್ಲ. ಅವನ ವಚನಗಳಲ್ಲಿ ಅವೇ ಪರತತ್ತ್ವವನ್ನು ಕುರಿತ ಮಾತಿಗೆ ಸಾಮಗ್ರಿಯಾದುವು. ಬಸವಣ್ಣನವರು ಮಾದಾರ ಚೆನ್ನಯ್ಯನ ಮನೆಯವನು ತಾನೆಂದು ಹೇಳಿಕೊಂಡುದೂ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯರು ಕಲ್ಯಾಣದ ಶರಣಗಣದಲ್ಲಿ ಪೂಜ್ಯರಾದುದೂ ವಾಚಕರಿಗೆ ತಿಳಿದ ವಿಷಯವೇ ಆಗಿದೆ.

ಇನ್ನು ನಮ್ಮ ದೃಷ್ಟಾಂತಕ್ಕೆ ಬರೋಣ. ೧೮೦೯ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ, ಹಲಸೂರಿನ ಸಮೀಪದಲ್ಲಿ, ತಮ್ಮ ದಂಡನ್ನು ನೆಲೆಗೊಳಿಸಿದರು. ಕುದುರೆಗೆ ಜೀನು ಲಗಾಮುಗಳು, ಸಿಪಾಯಿಗೆ ಬೂಟು ಮತ್ತು ಸೊಂಟದ ಪಟ್ಟಿಗಳು ಬೇಕಾದುವು. ದಂಡು ಇದ್ದಲ್ಲಿ ಚರ್ಮದ ಕೆಲಸವಿಲ್ಲದೆ ನಡೆಯದು. ಚರ್ಮವನ್ನು ಹದಮಾಡುತ್ತಿದ್ದ ಸ್ಥಳಗಳ ನೆನಪು ಟ್ಯಾನರಿ ರಸ್ತೆಯ ಹೆಸರಿನಲ್ಲಿಯೇ ಉಳಿದಿದೆ. ೧೯೪೯ರಲ್ಲಿ ದಂಡೂ ಪೇಟೆಯೂ ಒಂದೇ ನಗರಪಾಲಿಕೆಯೊಳಗೆ ಸೇರಿದುವು. ಕುದುರೆಗಳು ಹೋಗಿ ಮೋಟಾರುಗಳು ಬಂದುವು. ಆದರೆ ಬೀದಿಯ ಬದಿಯಲ್ಲಿ ಒಂದು ಕಲ್ಲು, ಒಂದು ಕೊರಡು, ನಾಲ್ಕಾರು ಆಯುಧಗಳನ್ನಿಟ್ಟುಕೊಂಡು ಪಾದರಕ್ಷೆಗಳನ್ನು ಹೊಲಿಯುವ ಕಾಯಕಜೀವಿಯು ಶಿವಾಜಿನಗರದಲ್ಲಿಯೂ, ಹಲಸೂರಿನಲ್ಲಿಯೂ, ಇಂದಿರಾನಗರದ ಮರದ ನೆರಳಿನಲ್ಲಿಯೂ ಇಂದಿಗೂ ಕಾಣಸಿಗುತ್ತಾನೆ. ಅದೇ ಶಿವಾಜಿನಗರದಲ್ಲಿ ಗುಜರಿಯ ವ್ಯಾಪಾರವೂ ಪ್ರಸಿದ್ಧವಾಗಿದೆ. ಹಳೆಯ ವಾಹನಗಳನ್ನು ಬಿಚ್ಚಿ ಅಂಗಾಂಗಗಳನ್ನು ಬೇರ್ಪಡಿಸಿ ರಾಶಿ ಹಾಕುವ ಆ ಬೀದಿಗಳಲ್ಲಿ, ಒಬ್ಬನಿಗೆ ಕಸವಾಗಿ ಕಂಡುದು ಮತ್ತೊಬ್ಬನಿಗೆ ಸಾಮಗ್ರಿಯಾಗಿ ಕಾಣುತ್ತದೆ.

ಅಂತಹ ರಾಶಿಯಿಂದ ಏನೇನಾಗಬಲ್ಲದು? ಕಬ್ಬಿಣವನ್ನು ಕೊಯ್ಯುವ ಯಂತ್ರಗರಗಸದ ಸವೆದ ಅಲಗು ಚರ್ಮವನ್ನು ಕತ್ತರಿಸುವ, ಅಂಚನ್ನು ತೆಳುಮಾಡುವ ರಂಪಿಗೆಯಾಗುತ್ತದೆ. ಹಲ್ಲು ಮಾಸಿದ ಅರವೂ ಆಗಬಲ್ಲದು. ಮುರಿದ ಹೊಲಿಗೆಯಂತ್ರದ ಸೂಜಿಯನ್ನು ಹುಣಿಸೆಯ ಮರದ ಹಿಡಿಗೆ ಕೂಡಿಸಿದರೆ ಸೂಕ್ಷ್ಮವಾದ ಉಳಿಯಾಗುತ್ತದೆ. ಸೈಕಲ್ಲಿನ ಕಡ್ಡಿಯ ತುದಿಯನ್ನು ಮಸೆದರೆ ಗೆರೆ ಗುರುತು ಹಾಕುವ ಮೊನೆಯಾಗುತ್ತದೆ. ಊಟದ ಮೇಜಿನ ಮುಳ್ಳುಚಮಚದ ಹಲ್ಲುಗಳನ್ನು ಸಮನಾಗಿ ಮಸೆದು ಬಾಗಿಸಿದರೆ ಹೊಲಿಗೆಗಳ ನಡುವಣ ಅಂತರವನ್ನು ಒಂದೇ ಅಳತೆಯಲ್ಲಿ ಗುರುತಿಸಬಹುದು. ಹಳೆಯ ರೇಡಿಯೋದ ಆಂಟೆನಾ ಒಂದರೊಳಗೊಂದು ಸೇರುವ ಕೊಳವೆಗಳಿಂದಾದುದು. ಅವುಗಳನ್ನು ತುಂಡರಿಸಿ ಬಾಯನ್ನು ಚೂಪುಗೊಳಿಸಿದರೆ ಹಲವು ಅಳತೆಯ ರಂಧ್ರಗಳನ್ನು ಹೊಡೆಯುವ ಸಾಧನಗಳು ದೊರೆಯುತ್ತವೆ. ಇಲ್ಲಿ ಚೂಪನ್ನು ಹೊರಮೈಯಿಂದ ಇಳಿಸಬೇಕು. ಒಳಮೈಯಿಂದ ಇಳಿಸಿದರೆ ರಂಧ್ರವು ಬೇಕಾದ ಅಳತೆಗೆ ಬಾರದು. ಹೊಸ ಮನೆಗಳ ಅಡಿಗೆಯ ಕಟ್ಟೆಗೆ ಕೊಯ್ದು ಉಳಿದ ನುಣುಪಾದ ಗ್ರಾನೈಟ್ ಕಲ್ಲಿನ ತುಂಡು ಚರ್ಮವನ್ನು ಹಾಸಿ ಅಂಚನ್ನು ತೆಳುಮಾಡುವ ಅಡಿಗಲ್ಲಾಗುತ್ತದೆ.

ಈ ಕೆಲಸವು ಕೇವಲ ಮಿತವ್ಯಯದ ಉಪಾಯವೆಂದು ತಿಳಿಯಬಾರದು. ಅರವನ್ನು ಮಾಡಿದ ಉಕ್ಕು ಬಹು ಗಡಸು, ಆದುದರಿಂದ ಭಿದುರ. ಅದನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹುಗಿದು ಮೆಲ್ಲಮೆಲ್ಲನೆ ಆರಗೊಟ್ಟರೆ ಮೆತ್ತಗಾಗಿ ರೂಪುಗೊಳ್ಳಲು ಒಪ್ಪುತ್ತದೆ. ರೂಪು ಬಂದ ಮೇಲೆ ಪುನಃ ಕಾಯಿಸಬೇಕು. ಸುಮಾರು ೭೭೦ ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕಬ್ಬಿಣವು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಉಷ್ಣಮಾಪಕವಿಲ್ಲದ ಬಡವನಿಗೆ ಅದೇ ಕುರುಹು. ಅದಕ್ಕಿಂತ ತುಸು ಮೇಲೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡಸುತನವು ಮರಳಿ ಬರುತ್ತದೆ. ಅಷ್ಟಕ್ಕೇ ಬಿಟ್ಟರೆ ಅಲಗು ಗಾಜಿನಂತೆ ಮುರಿದೀತು. ಆದುದರಿಂದ ಮೈಯನ್ನು ಉಜ್ಜಿ ಬೆಳಗಿಸಿ ಮತ್ತೆ ಹದವಾಗಿ ಕಾಯಿಸುತ್ತ, ಒಣಹುಲ್ಲಿನ ಬಣ್ಣವು ಮೂಡಿದ ಕ್ಷಣದಲ್ಲಿ ನಿಲ್ಲಿಸಬೇಕು. ಆ ಬಣ್ಣವು ೨೨೦-೨೩೦ ಡಿಗ್ರಿಯ ಸುಮಾರಿಗೆ ಬರುತ್ತದೆ. ೩೦೦ ಡಿಗ್ರಿಯ ಸುಮಾರಿಗೆ ನೀಲಿಯು ತೋರಿದರೆ ಚರ್ಮ ಕೊಯ್ಯುವ ಅಲಗಿಗೆ ಬೇಕಾದ ಬಿರುಸು ಹೋಯಿತೆಂದೇ ಅರ್ಥ. ಸಾಣೆಯ ಚಕ್ರಕ್ಕೆ ಹಿಡಿಯುವಾಗ ಮೇಲಿಂದ ಮೇಲೆ ನೀರಿನಲ್ಲಿ ಅದ್ದಬೇಕೆಂಬುದು ಇದೇ ಕಾರಣಕ್ಕಾಗಿ. ಆದರೆ ಯಂತ್ರಗರಗಸದ ಹೈಸ್ಪೀಡ್ ಉಕ್ಕು ೬೦೦ ಡಿಗ್ರಿಯ ಸುಮಾರಿನವರೆಗೂ ತನ್ನ ಬಿರುಸನ್ನು ಕಾಯ್ದುಕೊಳ್ಳುತ್ತದೆ; ಅದಕ್ಕೆ ಈ ಸಂಸ್ಕಾರವು ಬೇಕಿಲ್ಲ, ಮಸೆದರೆ ಸಾಕು. ಯಾವ ಲೋಹಕ್ಕೆ ಯಾವ ಸಂಸ್ಕಾರವೆಂಬ ವಿವೇಕವಿಲ್ಲದವನ ಕೈಯಲ್ಲಿ ಒಳ್ಳೆಯ ಉಕ್ಕೂ ಕೆಡುತ್ತದೆ. ಕನ್ನಡವು ಚರ್ಮದ ಸಂಸ್ಕಾರಕ್ಕೂ, ಕಬ್ಬಿಣದ ಸಂಸ್ಕಾರಕ್ಕೂ, ಮನಸ್ಸಿನ ಪರಿಪಾಕಕ್ಕೂ ‘ಹದ’ ಎಂಬ ಒಂದೇ ಮಾತನ್ನು ಬಳಸುತ್ತದೆ. ಇದು ಆಕಸ್ಮಿಕವಲ್ಲವೆಂದು ತೋರುತ್ತದೆ.

ಈಗ ತತ್ತ್ವವನ್ನು ವಿಚಾರಿಸೋಣ. ಅಲಗನ್ನು ಎಸೆದವನು ಅದನ್ನು ತ್ಯಾಜ್ಯವೆಂದನು, ಆಯ್ದುಕೊಂಡವನು ಗ್ರಾಹ್ಯವೆಂದನು. ತ್ಯಾಜ್ಯತ್ವವು ಬೆಂಕಿಗೆ ಉಷ್ಣತೆಯಿರುವಂತೆ ವಸ್ತುವಿನ ಸ್ವಭಾವವೇ ಆಗಿದ್ದರೆ ಒಂದೇ ವಸ್ತುವು ಇಬ್ಬರಿಗೆ ಎರಡಾಗಿ ತೋರಬಾರದಾಗಿತ್ತು. ಆದುದರಿಂದ ತ್ಯಾಜ್ಯವೆಂಬುದು ವಸ್ತುವಿನ ಗುಣವಲ್ಲ, ನೋಡುವವನ ಪ್ರಯೋಜನದ ಮಿತಿ. ಹಲವು ವೇಳೆ ಅವನ ಅರಿವಿನ ಮಿತಿ. ನಮ್ಮ ಭಾಷೆಯಲ್ಲಿ ‘ಆಯು’ ಎಂಬ ಧಾತುವಿಗೆ ನೆಲದಿಂದ ಹೆಕ್ಕುವುದೆಂದೂ, ಹಲವರಲ್ಲಿ ಉತ್ತಮವಾದುದನ್ನು ವಿವೇಚಿಸಿ ತೆಗೆದುಕೊಳ್ಳುವುದೆಂದೂ ಎರಡು ಅರ್ಥಗಳಿವೆ. ಬಾಗಿ ನೆಲದಿಂದ ಹೆಕ್ಕುವವನನ್ನು ಲೋಕವು ಕೀಳಾಗಿ ಕಾಣುತ್ತದೆ, ವಿವೇಚಿಸಿ ಆರಿಸುವವನನ್ನು ಪಂಡಿತನೆನ್ನುತ್ತದೆ. ಭಾಷೆಯು ಮಾತ್ರ ಇವೆರಡನ್ನೂ ಒಂದೇ ಕ್ರಿಯೆಯೆಂದು ಬಲ್ಲದು.

ಗ್ರೀಕ್ ತತ್ತ್ವಜ್ಞನಾದ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ ಇದೇ ಲಗಾಮಿನ ದೃಷ್ಟಾಂತವನ್ನು ಎತ್ತುತ್ತಾನೆ. ಲಗಾಮನ್ನು ಮಾಡುವವರು ಚರ್ಮಕಾರನೂ ಕಮ್ಮಾರನೂ ಆದರೂ ಅದು ಹೇಗಿರಬೇಕೆಂಬ ನಿಜವಾದ ಜ್ಞಾನವು ಸವಾರನಿಗೆ ಮಾತ್ರ ಉಂಟು. ಮಾಡುವವನು ಬಳಸುವವನ ಮಾತನ್ನು ನಂಬಿ ನಡೆಯತಕ್ಕವನು ಎಂಬುದು ಅವನ ಅಭಿಪ್ರಾಯ. ಬಳಕೆಗೆ ಜ್ಞಾನವನ್ನೂ, ನಿರ್ಮಾಣಕ್ಕೆ ಬರಿಯ ನಂಬುಗೆಯನ್ನೂ ಹಂಚಿದ ಈ ವಿಭಾಗದಿಂದ ದುಡಿಯುವ ಕೈಯು ಎರಡನೆಯ ಸ್ಥಾನಕ್ಕೆ ಇಳಿಯಿತು. ಆದರೆ ತನ್ನ ರಂಪಿಗೆಯನ್ನು ತಾನೇ ಮಾಡಿಕೊಂಡವನಲ್ಲಿ ಈ ವಿಭಾಗವು ನಿಲ್ಲುವುದಿಲ್ಲ. ಬಳಸುವವನೂ ಅವನೇ, ಮಾಡುವವನೂ ಅವನೇ. ಹಿಡಿಯು ಅಂಗೈಗೆ ಒತ್ತಿದರೆ ಸಂಜೆಗೆ ತಿದ್ದುತ್ತಾನೆ, ಅಲಗಿನ ಓರೆಯು ಎಮ್ಮೆಯ ಚರ್ಮಕ್ಕೆ ಸಾಲದಿದ್ದರೆ ಮರುದಿನ ಬದಲಿಸುತ್ತಾನೆ. ಅವನ ಅರಿವು ಕ್ರಿಯೆಯಲ್ಲಿ ಇಳಿಯುತ್ತದೆ, ಕ್ರಿಯೆಯು ಅರಿವಾಗಿ ಏರುತ್ತದೆ. ಅರಿವು ಆಚಾರಗಳು ಒಂದಾಗಬೇಕೆಂದು ಶರಣರು ಬೋಧಿಸಿದುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ಬೇರೆ ಬೇಕೆ?

ಇಲ್ಲಿ ಮೂರು ಶಂಕೆಗಳು ಹುಟ್ಟಬಹುದು. ಅವುಗಳಿಗೆ ಸಮಾಧಾನ ಹೇಳದೆ ಮುಂದೆ ಹೋಗುವುದು ಯುಕ್ತವಲ್ಲ.

ಮೊದಲನೆಯದು: ಬಿದ್ದುದೆಲ್ಲವೂ ಆಯಲು ಯೋಗ್ಯವೆ? ಅಲ್ಲ. ರೈಲು ಹಳಿಯ ತುಂಡು ಚರ್ಮವನ್ನು ಬಡಿಯಲು ಒಳ್ಳೆಯ ಅಡಿಗಟ್ಟಿಯಾಗುತ್ತದೆಂಬುದು ನಿಜ. ಕೃಷ್ಣರಾಜಪುರದ ಕಡೆ ಹಳಿಯ ಪಕ್ಕದಲ್ಲಿ ಕಬ್ಬಿಣವು ಬಿದ್ದಿರಲೂಬಹುದು. ಆದರೆ ಬಿದ್ದಿರುವುದು ಬೇರೆ, ಬಿಟ್ಟಿರುವುದು ಬೇರೆ. ರೈಲ್ವೆಯ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು ೧೯೬೬ರ ಕಾಯಿದೆಯಂತೆ ಅಪರಾಧವೆಂಬುದು ಹಾಗಿರಲಿ, ಒಡೆಯನು ತ್ಯಜಿಸದುದನ್ನು ತೆಗೆದುಕೊಂಡರೆ ಅದು ಆಯುವಿಕೆಯಲ್ಲ, ಕಳವು. ಕಳವಿನ ಕರಣದಿಂದಾದ ಕಾಯಕವು ಶುದ್ಧವಾಗಲಾರದು. ಗುಜರಿಯಂಗಡಿಯಲ್ಲಿ ಬೆಲೆಕೊಟ್ಟು ಕೊಂಡ ಮುರುಕು ಕಬ್ಬಿಣವೂ, ಕೇಳಿ ಪಡೆದ ಕಲ್ಲಿನ ತುಂಡೂ ಶುದ್ಧವಾದುವು.

ಎರಡನೆಯದು: ಹೀಗೆ ಆಯುತ್ತ ಹೋದರೆ ಎಲ್ಲಿ ನಿಲ್ಲಬೇಕು? ಮುಂದೆಂದಾದರೂ ಬೇಕಾದೀತೆಂದು ಮೂಲೆಮೂಲೆಗಳಲ್ಲಿ ಕಬ್ಬಿಣವನ್ನು ತುಂಬುವವನು ಕಾಯಕದವನಲ್ಲ, ಸಂಗ್ರಹದ ದಾಸ. ಇದಕ್ಕೆ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯೇ ಉತ್ತರ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆ ತಾಯಿಯು ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಶರಣಪರಂಪರೆಯ ಶ್ರೇಷ್ಠ ನೀತಿಪಾಠಗಳಲ್ಲಿ ಒಂದು ನೆಲದಿಂದ ಆಯುವವರ ಮನೆಯಿಂದಲೇ ಬಂದಿತೆಂಬುದನ್ನು ಮರೆಯಬಾರದು. ಆಯುವಿಕೆಗೆ ಅಂದಿನ ಅಗತ್ಯವೇ ಅಳತೆ.

ಮೂರನೆಯ ಶಂಕೆಯೇ ಅತ್ಯಂತ ಗುರುತರವಾದುದು. ಮುರುಕು ಕಬ್ಬಿಣದ ಆಯುಧವನ್ನು ಹೊಗಳುವುದು ಬಡತನವನ್ನೇ ಹೊಗಳಿದಂತಾಗದೆ? ಹೊಸ ರಂಪಿಗೆಯನ್ನು ಕೊಳ್ಳಲಾರದವನಿಗೆ ‘ನಿನ್ನ ಕೊರತೆಯೇ ನಿನ್ನ ತಪಸ್ಸು’ ಎಂದು ಉಪದೇಶಿಸಿ, ಅವನು ಹೊಲಿದ ಚಪ್ಪಲಿಯ ಕೂಲಿಯಲ್ಲಿ ಎರಡು ರೂಪಾಯಿಗೆ ಚೌಕಾಶಿ ಮಾಡಿ ಮುಂದೆ ಹೋಗುವುದು ಯಾವ ಧರ್ಮ? ಈ ಆಕ್ಷೇಪಣೆಯು ಯಥಾರ್ಥವಾದುದು. ಇದಕ್ಕೆ ಉತ್ತರವು ವ್ರತಕ್ಕೂ ಅಭಾವಕ್ಕೂ ಇರುವ ಭೇದದಲ್ಲಿದೆ. ಅನ್ನವಿದ್ದು ಉಣ್ಣದಿರುವುದು ಉಪವಾಸ, ಅನ್ನವಿಲ್ಲದೆ ಉಣ್ಣದಿರುವುದು ಹಸಿವೆ. ಹೊರಗೆ ನೋಡುವವನಿಗೆ ಎರಡೂ ಒಂದೇ ಬಗೆಯಾಗಿ ತೋರುತ್ತವೆ. ಕೊಳ್ಳುವ ಶಕ್ತಿಯಿದ್ದೂ ತನ್ನ ಕೈಗೊಪ್ಪುವ ಉಪಕರಣವನ್ನು ತಾನೇ ಮಾಡಿಕೊಂಡವನ ನಡೆಯು ವ್ರತ. ಅನ್ಯಗತಿಯಿಲ್ಲದೆ ಮಾಡಿಕೊಂಡವನ ಜಾಣ್ಮೆಯು ಮೆಚ್ಚತಕ್ಕದ್ದೇ ಆದರೂ ಆ ಗತಿಯಿಲ್ಲದಿರುವಿಕೆಯು ಸಮಾಜದ ಲೋಪ. ಜಾಣ್ಮೆಯ ಹೊಗಳಿಕೆಯಿಂದ ಲೋಪವನ್ನು ಮುಚ್ಚಬಾರದು. ಕರ್ನಾಟಕದಲ್ಲಿ ಚರ್ಮೋದ್ಯೋಗದ ಅಭಿವೃದ್ಧಿಗೆಂದು ೧೯೭೬ರಲ್ಲಿ ಲಿಡ್ಕರ್ ನಿಗಮವು ಸ್ಥಾಪಿತವಾದುದು ಇಂತಹ ಲೋಪಕ್ಕೆ ಪರಿಹಾರವು ಸಾರ್ವಜನಿಕರ ಹೊಣೆಯೆಂದು ಒಪ್ಪಿಕೊಂಡುದರ ಕುರುಹು. ಆದರೆ ಸರ್ಕಾರದ ನಿಗಮವೊಂದಿದೆಯೆಂದು ನಮ್ಮ ಪಾಲಿನ ಹೊಣೆಯು ತೀರುವುದಿಲ್ಲ. ತಕ್ಕ ಕೂಲಿಯನ್ನು ತಕರಾರಿಲ್ಲದೆ ಕೊಡುವುದು, ಏಕವಚನದಲ್ಲಿ ಕರೆಯದಿರುವುದು, ಅವನ ಮಕ್ಕಳು ಅದೇ ಕಲ್ಲಿನ ಮುಂದೆ ಕೂರಲೇಬೇಕೆಂಬ ನಿರ್ಬಂಧವಿಲ್ಲದಂತೆ ಓದಿಗೆ ನೆರವಾಗುವುದು, ಇವು ನಿಗಮದಿಂದ ಆಗುವ ಕೆಲಸಗಳಲ್ಲ.

ಮೇಲೆ ಹೇಳಿದ ತತ್ತ್ವದ ನಿಜವಾದ ಪರೀಕ್ಷೆಯು ಇಲ್ಲಿಯೇ ಆಗತಕ್ಕದ್ದು. ತ್ಯಾಜ್ಯತ್ವವು ವಸ್ತುವಿನ ಗುಣವಲ್ಲವೆಂದು ಕಬ್ಬಿಣದ ವಿಷಯದಲ್ಲಿ ಒಪ್ಪಿದವರು ಮನುಷ್ಯರ ವಿಷಯದಲ್ಲಿ ಒಪ್ಪದಿರಲು ಕಾರಣವಿಲ್ಲ. ಚರ್ಮವನ್ನು ಮುಟ್ಟಿದ ಕೈಯನ್ನು ಈ ದೇಶವು ಬಹುಕಾಲ ದೂರವಿರಿಸಿತು. ಆ ಕೈ ಮಾಡಿದ ಮೆಟ್ಟನ್ನು ಮೆಟ್ಟಿ, ಆ ಕೈ ಮಾಡಿದ ಮದ್ದಳೆಯ ನಾದವನ್ನು ದೇಗುಲದಲ್ಲಿ ಕೇಳಿತು. ಎಸೆದವನ ಅರಿವಿನ ಮಿತಿಯೇ ಎಸೆಯಲ್ಪಟ್ಟವನ ದೋಷವೆಂದು ಎಣಿಸಲ್ಪಟ್ಟಿತು. ಹೀಗೆ ಎಸೆಯಲ್ಪಟ್ಟವನೇ ಎಸೆದ ಕಬ್ಬಿಣದಲ್ಲಿ ಗುಣವನ್ನು ಕಾಣುತ್ತಾನೆ, ಕಾಯಿಸಿ ಹದಗೊಳಿಸಿ ಅದನ್ನು ಉಪಯೋಗಕ್ಕೆ ತರುತ್ತಾನೆ. ಲೋಕವು ತನಗೆ ತೋರದ ನ್ಯಾಯವನ್ನು ಅವನು ಒಂದು ಮುರುಕು ಅಲಗಿಗೆ ತೋರಿಸುತ್ತಾನೆ.

ಆದಕಾರಣ, ವಾಚಕ ಮಹಾಶಯರು ಮುಂದೆ ಪಾದರಕ್ಷೆಯನ್ನು ಹೊಲಿಸಲು ನಿಂತಾಗ ಕಲ್ಲಿನ ಮೇಲಿರುವ ಆಯುಧಗಳನ್ನು ಒಮ್ಮೆ ಗಮನವಿಟ್ಟು ನೋಡಲಿ. ಅವುಗಳಲ್ಲಿ ಯಾವುದನ್ನು ಅವರೇ ಮಾಡಿಕೊಂಡರೆಂದು ವಿನಯದಿಂದ ಕೇಳಲಿ. ಕಾಯಕದ ಗೌರವವು ಪೀಠದ ಮೇಲಿನ ಭಾಷಣದಿಂದ ಬೆಳೆಯುವುದಕ್ಕಿಂತ ಹೆಚ್ಚಾಗಿ ಇಂತಹ ಒಂದು ಪ್ರಶ್ನೆಯಿಂದಲೂ, ಅದನ್ನು ಹಿಂಬಾಲಿಸುವ ತಕ್ಕ ಕೂಲಿಯಿಂದಲೂ ಬೆಳೆಯುತ್ತದೆ.