ತಕ್ಕಡಿ ಸರಿಯಿದ್ದಲ್ಲಿ ಪವಿತ್ರತೆ



‘ಪವಿತ್ರ ಬಾಳು’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತದೆ? ತಲೆಯ ಹಿಂದೆ ಪ್ರಭಾವಲಯ, ಕೈಯಲ್ಲಿ ಜಪಸರ, ಮೇಲೆ ನೆಟ್ಟ ದೃಷ್ಟಿ. ಆ ಚಿತ್ರಕ್ಕೆ ಕೈ ಮುಗಿದು, ‘ಇದು ಗುರುಗಳಿಗೆ, ಕನ್ಯಾಸ್ತ್ರೀಯರಿಗೆ ಆಗುವ ಕೆಲಸ, ಸಂಸಾರ ಕಟ್ಟಿಕೊಂಡ ನಮ್ಮಂಥವರಿಗಲ್ಲ’ ಎಂದು ಮನೆಗೆ ನಡೆಯುತ್ತೇವೆ. ಆದರೆ ಧರ್ಮಸಭೆ ಹಾಗೆ ಹೇಳುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರ್ 21ರಂದು ಧರ್ಮಸಭೆಯನ್ನು ಕುರಿತು ಪ್ರಕಟಿಸಿದ ಸಂವಿಧಾನದಲ್ಲಿ ಒಂದು ಇಡೀ ಅಧ್ಯಾಯವನ್ನೇ ಇದಕ್ಕಾಗಿ ಮೀಸಲಿಟ್ಟಿತು. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ, ಅವರು ಯಾವ ಅಂತಸ್ತಿನಲ್ಲಿದ್ದರೂ, ಪವಿತ್ರತೆಯ ಕರೆ ಇದೆ ಎಂಬುದು ಅದರ ಬೋಧನೆ. ಪೋಪ್ ಫ್ರಾನ್ಸಿಸ್ ಅವರು 2018ರಲ್ಲಿ ಇದೇ ವಿಷಯವಾಗಿ ಪ್ರೇಷಿತ ಪ್ರಬೋಧನೆ ಬರೆದು, ಸಂತರು ನಮ್ಮ ನೆರೆಮನೆಯಲ್ಲೂ ಇರುತ್ತಾರೆಂದು ನೆನಪಿಸಿದರು.

ಹಾಗಾದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನೆರೆಮನೆಯಲ್ಲಿ ಸಂತನಾಗುವುದು ಹೇಗೆ? ಇಲ್ಲಿ ಕೃಷ್ಣೆ ಹರಿಯುತ್ತಾಳೆ, ಕಬ್ಬು ಬೆಳೆಯುತ್ತದೆ, ಸಕ್ಕರೆ ಕಾರ್ಖಾನೆಯ ಹೊಗೆ ಏಳುತ್ತದೆ. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗಳಿವೆ, ಬೀಡಿ ಕಟ್ಟುವ ತಾಯಂದಿರಿದ್ದಾರೆ. ನವೆಂಬರ್ 1ರಂದು ನಾವು ಸಕಲ ಸಂತರ ಹಬ್ಬ ಆಚರಿಸುವ ಹೊತ್ತಿಗೆ ಕಬ್ಬು ನುರಿಸುವ ಹಂಗಾಮು ಶುರುವಾಗಿರುತ್ತದೆ. ಸಂತರ ಹಬ್ಬವೂ ಕಬ್ಬಿನ ಹಂಗಾಮೂ ಒಟ್ಟಿಗೆ ಬರುವುದನ್ನು ಆಕಸ್ಮಿಕವೆಂದು ಬಿಟ್ಟುಬಿಡದೆ ಸ್ವಲ್ಪ ಧ್ಯಾನಿಸೋಣ.

ದೇವರ ಉತ್ತರ

ಯಾಜಕಕಾಂಡದ 19ನೇ ಅಧ್ಯಾಯವನ್ನು ತೆರೆಯಿರಿ. ಸರ್ವೇಶ್ವರ ಮೋಶೆಯ ಮೂಲಕ ಮಾತನಾಡುತ್ತಾರೆ. ಯಾರೊಡನೆ? ಯಾಜಕರೊಡನೆ ಮಾತ್ರವಲ್ಲ, ಇಸ್ರಯೇಲಿನ ಇಡೀ ಸಮುದಾಯದೊಡನೆ. ತಾವು ಪವಿತ್ರರಾಗಿರುವ ಕಾರಣ ತಮ್ಮ ಜನರೂ ಪವಿತ್ರರಾಗಿರಬೇಕೆಂದು ಆಜ್ಞಾಪಿಸುತ್ತಾರೆ. ಹೀಬ್ರೂ ಭಾಷೆಯ ‘ಕಾದೋಶ್’ ಎಂಬ ಪದಕ್ಕೆ ‘ಬೇರ್ಪಡಿಸಿ ದೇವರಿಗಾಗಿ ಇಟ್ಟದ್ದು’ ಎಂಬ ಅರ್ಥವಿದೆ. ಬೇರ್ಪಟ್ಟವರು ಎಂದರೆ ಊರು ಬಿಟ್ಟು ಗುಡ್ಡ ಸೇರಬೇಕೇ? ಮುಂದಿನ ವಚನಗಳನ್ನು ನೋಡಿ. ತಾಯಿತಂದೆಯರನ್ನು ಗೌರವಿಸಬೇಕು; ಅಲ್ಲಿ ತಾಯಿಯ ಹೆಸರೇ ಮೊದಲು ಬರುತ್ತದೆ. ಹೊಲದ ಅಂಚಿನವರೆಗೂ ಕೊಯ್ಯದೆ ಬಡವನಿಗೂ ಪರದೇಶಿಗೂ ಒಂದಿಷ್ಟು ಬಿಡಬೇಕು. ಕೂಲಿಯವನ ಕೂಲಿ ರಾತ್ರಿಯಿಡೀ ಯಜಮಾನನ ಬಳಿ ಉಳಿಯಬಾರದು. ಚಾಡಿ ಹೇಳಬಾರದು, ಸೇಡು ಇಟ್ಟುಕೊಳ್ಳಬಾರದು. ತಕ್ಕಡಿ, ತೂಕದ ಕಲ್ಲು, ಅಳತೆ ಎಲ್ಲವೂ ಸರಿಯಾಗಿರಬೇಕು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆ, ಯೇಸುಸ್ವಾಮಿ ಎತ್ತಿ ಹೇಳಿದ ಆ ಮಹಾ ಆಜ್ಞೆ, ಇರುವುದೂ ಇದೇ ಅಧ್ಯಾಯದಲ್ಲಿ, ಕೂಲಿ ಮತ್ತು ಚಾಡಿಯ ಮಾತುಗಳ ಬೆನ್ನಿಗೇ.

ಅಂದಮೇಲೆ ಪವಿತ್ರತೆ ದೇವಾಲಯದ ಬಾಗಿಲಲ್ಲಿ ಮುಗಿಯುವುದಿಲ್ಲ. ಅದು ಹೊಲಕ್ಕೆ, ಅಂಗಡಿಗೆ, ಕಾಟಾದ ಮೇಲಕ್ಕೆ ನಮ್ಮೊಡನೆ ಬರುತ್ತದೆ.

ತೂಕ ಮತ್ತು ಕೂಲಿ

ನಮ್ಮ ಕಡೆ ತೂಕದಲ್ಲಿ ಮೋಸ ಮಾಡುವುದಕ್ಕೆ ‘ಕಾಟಾ ಹೊಡೆಯುವುದು’ ಎನ್ನುತ್ತಾರೆ. ಒಂದು ಪಾಪಕ್ಕೆ ಊರಿನವರೆಲ್ಲರೂ ಬಲ್ಲ ಹೆಸರಿದೆಯೆಂದರೆ ಅದು ಎಷ್ಟು ಬಳಕೆಯಲ್ಲಿರಬೇಕು! ರೈತನ ನೋವು ಸುಳ್ಳಲ್ಲ. ವರ್ಷವಿಡೀ ನೀರು ಕಟ್ಟಿ ಬೆಳೆಸಿದ ಕಬ್ಬಿನ ಹಣ ಕಾರ್ಖಾನೆಯಿಂದ 14 ದಿನಗಳೊಳಗೆ ಬರಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ತಡವಾದರೆ ಶೇಕಡಾ 15ರ ಬಡ್ಡಿಯೂ ಸೇರಬೇಕು. ಆ ಹಣಕ್ಕಾಗಿ ಅಲೆದವರಿಗೆ ‘ಕೂಲಿ ರಾತ್ರಿ ಉಳಿಯಬಾರದು’ ಎಂಬ ವಚನದ ಅರ್ಥ ಯಾರೂ ವಿವರಿಸಬೇಕಿಲ್ಲ. ಹಕ್ಕಿನ ಹಣ ಕೇಳುವುದು ಪಾಪವಲ್ಲ, ನ್ಯಾಯ.

ಆದರೆ ಅದೇ ರೈತನ ಹೊಲಕ್ಕೆ ಬೀಡ್ ಕಡೆಯಿಂದಲೋ ವಿಜಯಪುರದ ಕಡೆಯಿಂದಲೋ ಕಬ್ಬು ಕಡಿಯುವ ಗ್ಯಾಂಗು ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಮುಂಗಡ ಪಡೆದು, ಮಕ್ಕಳನ್ನು ಶಾಲೆ ಬಿಡಿಸಿಕೊಂಡು ಬಂದು, ಗುಡಿಸಲಲ್ಲಿ ಚಳಿಗಾಲ ಕಳೆಯುತ್ತಾರೆ. ತನಗೆ ಬರಬೇಕಾದುದರ ಲೆಕ್ಕವನ್ನು ಬಾಯಿಪಾಠ ಮಾಡಿದವನು ಅವರಿಗೆ ಕೊಡಬೇಕಾದುದರ ಲೆಕ್ಕದಲ್ಲಿ ಮರೆವು ತೋರಿಸಿದರೆ? ಅವರ ಮಗುವಿಗೆ ಜ್ವರ ಬಂದಾಗ ‘ಅದು ಮುಕಾದಮನ ಜವಾಬ್ದಾರಿ’ ಎಂದು ಮುಖ ತಿರುಗಿಸಿದರೆ? ಬದುವಿನ ಮೇಲಿನ ಒಂದು ಹೊರೆ ಹುಲ್ಲಿಗಾಗಿ ಬಂದ ಬಡ ಹೆಂಗಸನ್ನು ಬೈದು ಓಡಿಸಿದರೆ? ಕೊಯ್ಲಿನ ಆಳುಗಳಿಂದ ತಡೆಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿ ಮುಟ್ಟುತ್ತದೆ ಎಂದು ಸಂತ ಯಕೋಬರು ತಮ್ಮ ಪತ್ರದ 5ನೇ ಅಧ್ಯಾಯದಲ್ಲಿ ಎಚ್ಚರಿಸುತ್ತಾರೆ. ನಮ್ಮ ಪ್ರಾರ್ಥನೆಯೂ ಆ ಕೂಗೂ ಒಂದೇ ಸಮಯಕ್ಕೆ ಸ್ವರ್ಗ ಮುಟ್ಟಿದರೆ, ದೇವರು ಮೊದಲು ಯಾವುದಕ್ಕೆ ಕಿವಿಗೊಟ್ಟಾರು?

ನಿಪ್ಪಾಣಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ತಂಬಾಕಿನ ದೂಳಿನಲ್ಲಿ ದುಡಿಯುತ್ತಿದ್ದ ವಖಾರಿಯ ಮಹಿಳೆಯರು 1980ರ ಸುಮಾರಿಗೆ ನ್ಯಾಯವಾದ ಕೂಲಿಗಾಗಿ, ಮಾನದ ಬಾಳಿಗಾಗಿ ಸಂಘಟಿತರಾದರು. ದೀಪಾ ಧನರಾಜ್ ಮತ್ತು ಸಂಗಡಿಗರು ಅವರ ಹೋರಾಟವನ್ನು 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿದರು. 1981ರಲ್ಲಿ ಬೆಲೆಗಾಗಿ ತಂಬಾಕು ರೈತರು ಹೆದ್ದಾರಿಯಲ್ಲಿ ಕುಳಿತಾಗ ಗೋಲಿಬಾರ್ ಆಗಿ ಜೀವಗಳು ಹೋದವು. ಬೆಲೆ, ಕೂಲಿ ಎಂಬವು ಬರೀ ಹಣದ ಮಾತಲ್ಲ, ಪ್ರಾಣದ ಮಾತು. ಇಂದಿಗೂ ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವ ತಾಯಿಯ ಕೈಯಿಂದ ‘ಇವು ಸರಿಯಿಲ್ಲ’ ಎಂದು ಒಂದು ಹಿಡಿ ಎತ್ತಿಟ್ಟು, ಅದಕ್ಕೆ ಕಾಸು ಕೊಡದೆ ಇಟ್ಟುಕೊಳ್ಳುವ ಕೈ ಯಾರದೇ ಆಗಿರಲಿ, ಅದು ದೇವರ ಮುಂದೆ ಕಳ್ಳನ ಕೈ.

ಮಗಳ ಮಾನ

ಅದೇ ಅಧ್ಯಾಯದ 29ನೇ ವಚನ ಮಗಳನ್ನು ವೇಶ್ಯಾವೃತ್ತಿಗೆ ದೂಡಬಾರದೆಂದು ತಂದೆಯನ್ನು ತಡೆಯುತ್ತದೆ. ನಮ್ಮ ಈ ತಾಲೂಕುಗಳಲ್ಲಿ ಬಡ ಮನೆಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ದುಃಖದ ಕಥೆ ನಿಮಗೆ ತಿಳಿಯದ್ದಲ್ಲ. 1982ರ ಕರ್ನಾಟಕದ ಕಾಯಿದೆ ಅದನ್ನು ಅಪರಾಧವೆಂದು ಸಾರಿತು. ಕಾಯಿದೆಯಷ್ಟೇ ಸಾಲದೆಂದು ಅರಿತು ಅಥಣಿಯ ವಕೀಲ ಬಿ.ಎಲ್. ಪಾಟೀಲರು ವಿಮೋಚನಾ ಸಂಘ ಕಟ್ಟಿ, ಆ ತಾಯಂದಿರ ಮಕ್ಕಳಿಗೆ ಶಾಲೆ ತೆರೆದರು. ಪವಿತ್ರಾತ್ಮರು ತಮಗೆ ಇಷ್ಟಬಂದಲ್ಲಿ ಬೀಸುತ್ತಾರೆ. ಒಳ್ಳೆಯತನಕ್ಕೆ ನಾವೊಬ್ಬರೇ ವಾರಸುದಾರರಲ್ಲ. ಆದರೆ ಕ್ರೈಸ್ತರಾದ ನಾವು ಅಂಥ ತಾಯಿಯ ಮಗುವನ್ನು ನಮ್ಮ ಮಕ್ಕಳ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆಯೇ? ಆ ಮನೆಯಿಂದ ಸಂಬಂಧ ಬಂದರೆ ನಮ್ಮ ಮುಖಭಾವ ಏನಾಗುತ್ತದೆ?

ಮಾತೂ ಗಡಿಯೂ

ನವೆಂಬರ್ 1 ರಾಜ್ಯೋತ್ಸವವೂ ಹೌದು. 1956ರಲ್ಲಿ ಆ ದಿನ ಬೆಳಗಾವಿ ಸೀಮೆ ಮುಂಬಯಿ ರಾಜ್ಯದಿಂದ ಕನ್ನಡ ನಾಡಿಗೆ ಸೇರಿತು. ನಮ್ಮ ಒಂದೇ ಓಣಿಯಲ್ಲಿ ಕನ್ನಡವೂ ಮರಾಠಿಯೂ ಕೇಳಿಬರುತ್ತವೆ. ನಮ್ಮವರ ಕೆಲವು ಮನೆಗಳಲ್ಲಿ ಕೊಂಕಣಿಯೂ ಇದೆ. ತಾಯ್ನುಡಿಯ ಅಭಿಮಾನ ದೇವರು ಕೊಟ್ಟ ವರ. ಅದನ್ನು ಕಲ್ಲಾಗಿಸಿ ನೆರೆಯವನ ಮೇಲೆ ಎಸೆಯುವುದು ವರವಲ್ಲ. ಪರದೇಶಿಯನ್ನು ಸ್ವದೇಶಿಯಂತೆ ಕಾಣಬೇಕು, ಏಕೆಂದರೆ ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂದು ದೇವರು ಅದೇ ಅಧ್ಯಾಯದಲ್ಲಿ ನೆನಪಿಸುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ನೀರು ಯಾರ ಭಾಷೆಯನ್ನೂ ಕೇಳಲಿಲ್ಲ.

‘ನಾನೊಬ್ಬ ಮಾಡಿದರೆ ಏನಾದೀತು?’

ಇದು ನೀವು ಕೇಳುವ ಪ್ರಶ್ನೆ, ಪ್ರಾಮಾಣಿಕವಾದ ಪ್ರಶ್ನೆ. ‘ಎಲ್ಲರೂ ಮೋಸ ಮಾಡುವಾಗ ನಾನೊಬ್ಬ ಸರಿಯಾಗಿದ್ದರೆ ನಷ್ಟ ನನಗೇ ಅಲ್ಲವೇ?’ ಹೌದು, ನಷ್ಟ ಆಗಬಹುದು. ಅದಿಲ್ಲವೆಂದು ಹೇಳಿದರೆ ನಾನು ನಿಮಗೆ ಶಿಲುಬೆಯಿಲ್ಲದ ಕ್ರಿಸ್ತರನ್ನು ಬೋಧಿಸಿದಂತಾದೀತು. 2022ರ ಮೇ 15ರಂದು ಧರ್ಮಸಭೆ ಸಂತರೆಂದು ಘೋಷಿಸಿದ ದೇವಸಹಾಯಂ ಗುರುಗಳಲ್ಲ, ಗೃಹಸ್ಥರು. ತಿರುವಾಂಕೂರಿನ ಅರಮನೆಯ ಸೇವೆಯಲ್ಲಿದ್ದವರು. 1745ರಲ್ಲಿ ದೀಕ್ಷಾಸ್ನಾನ ಪಡೆದ ಮೇಲೆ ಎಲ್ಲ ಜಾತಿಯವರೊಡನೆ ಸಮನಾಗಿ ಬಾಳಿದರು. ಅದರ ಬೆಲೆ ದೊಡ್ಡದಾಗಿತ್ತು: 1752ರಲ್ಲಿ ಗುಂಡೇಟಿಗೆ ಪ್ರಾಣ ಕೊಟ್ಟರು. ನಮ್ಮಿಂದ ದೇವರು ಕೇಳುತ್ತಿರುವುದು ಬಹುಶಃ ನೂರಿನ್ನೂರು ರೂಪಾಯಿಯ ನಷ್ಟ, ಒಂದು ಕ್ಷಮೆಯ ಮಾತು. ಅಷ್ಟನ್ನೂ ಕೊಡಲಾಗದೆ?

ನ್ಯಾಯವೆಂದರೆ ಪ್ರತಿಯೊಬ್ಬರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ಸ್ಥಿರವಾದ ಸಂಕಲ್ಪ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ‘ಸ್ಥಿರವಾದ’ ಎಂಬ ಪದವನ್ನು ಗಮನಿಸಿ. ಹಬ್ಬದ ದಿನದ ದಾನ ಸುಲಭ. ದಿನದಿನದ ನ್ಯಾಯ ಕಷ್ಟ. ಅದು ನಮ್ಮ ಬಲದಿಂದಲೇ ಆಗುವುದಿಲ್ಲ. ಅದಕ್ಕೇ ಪರಮಪ್ರಸಾದ, ಅದಕ್ಕೇ ಪಾಪನಿವೇದನೆಯ ಸಂಸ್ಕಾರ. ಆದರೆ ಒಂದು ಮಾತು: ಕದ್ದದ್ದನ್ನು ಮನೆಯಲ್ಲೇ ಇಟ್ಟುಕೊಂಡು ಕದ್ದ ಪಾಪಕ್ಕೆ ಮಾತ್ರ ಕ್ಷಮೆ ಕೇಳುವುದು ನಿಜವಾದ ಪಶ್ಚಾತ್ತಾಪವಲ್ಲ. ಜಕ್ಕಾಯನು ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡ ದಿನವೇ ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಆ ಮನೆಗೆ ಅಂದೇ ಜೀವೋದ್ಧಾರ ಬಂತು. ಸಹೋದರನಿಗೆ ನಮ್ಮ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಪ್ರಭು ಕಲಿಸಿದ್ದಾರಲ್ಲವೇ?

ಪ್ರಿಯರೇ, ಈ ಸೀಮೆಯಲ್ಲಿ ನಾವು ಸಂಖ್ಯೆಯಲ್ಲಿ ಅಲ್ಪರು. ನಮ್ಮ ಬಹುಪಾಲು ನೆರೆಹೊರೆಯವರು ಶುಭಸಂದೇಶವನ್ನು ಓದಿಲ್ಲ; ಅವರು ಓದುವುದು ನಮ್ಮನ್ನು. ‘ಇವರ ಅಂಗಡಿಯಲ್ಲಿ ತೂಕ ಸರಿ, ಇವರ ಹೊಲದಲ್ಲಿ ಕೂಲಿ ಸರಿ, ಇವರ ಮನೆಯಲ್ಲಿ ಅತ್ತೆ ಸೊಸೆಯ ಮಾತು ಸರಿ’ ಎಂದು ಅವರು ಹೇಳಿದರೆ ಅದಕ್ಕಿಂತ ದೊಡ್ಡ ಪ್ರಬೋಧನೆ ಬೇರಿಲ್ಲ.

ಈ ವಾರ ಮನೆಯವರೆಲ್ಲ ರಾತ್ರಿ ಜಪಸರಕ್ಕೆ ಕೂತಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ನಮ್ಮ ಬಳಿ ಯಾರ ಕೂಲಿ, ಯಾರ ಸಾಲ, ಯಾರ ವಸ್ತು ಉಳಿದಿದೆ? ಈ ಮನೆಯಲ್ಲಿ ಯಾರೊಡನೆ ಯಾರು ಮಾತು ಬಿಟ್ಟಿದ್ದಾರೆ? ನಮ್ಮ ಓಣಿಗೆ ಬಂದಿರುವ ಹೊರಗಿನವರಲ್ಲಿ ಯಾರ ಹೆಸರು ನಮಗೆ ಗೊತ್ತು? ಉತ್ತರ ಸಿಕ್ಕ ಮೇಲೆ ಭಾನುವಾರದವರೆಗೆ ಕಾಯಬೇಡಿ. ಮೊದಲು ಆ ಮನೆಗೆ ಹೋಗಿ, ಕೊಡಬೇಕಾದುದನ್ನು ಕೊಟ್ಟು, ಆಡಬೇಕಾದ ಮಾತನ್ನು ಆಡಿ, ಆಮೇಲೆ ದಿವ್ಯ ಬಲಿಪೂಜೆಗೆ ಬನ್ನಿ.

ನಜರೇತಿನ ಬಡಗಿಯ ಮನೆಯಲ್ಲಿ ದುಡಿದು ಬಾಳಿದ ಪ್ರಭು ಯೇಸು, ಮಾತೆ ಮರಿಯಮ್ಮನವರ ಮತ್ತು ಸಂತ ಜೋಸೆಫರ ಪ್ರಾರ್ಥನೆಯ ಫಲವಾಗಿ, ನಿಮ್ಮ ಕೈಗಳ ದುಡಿಮೆಯನ್ನು ಪವಿತ್ರಗೊಳಿಸಲಿ. ನಿಮ್ಮ ಹೊಲ ಹಸಿರಾಗಲಿ, ನಿಮ್ಮ ತಕ್ಕಡಿ ನೇರವಾಗಲಿ, ನಿಮ್ಮ ಮನೆಗೆ ಶಾಂತಿಯಾಗಲಿ. ಆಮೆನ್.