ಛಲ ಯಾವುದು, ಹಟ ಯಾವುದು?

ಹಿಡಿದದ್ದನ್ನು ಬಿಡದವನನ್ನು ಛಲಗಾರ ಎನ್ನುತ್ತೇವೆ. ಬಿಟ್ಟು ಬೇರೆಯದನ್ನು ಹಿಡಿದವನನ್ನು ಚಂಚಲ ಎನ್ನುತ್ತೇವೆ. ಇದು ಯಾವಾಗಲೂ ನಿಜವೇ? ಇಂದು ಇದನ್ನು ವಿಚಾರ ಮಾಡೋಣ.

ಮೇಷ್ಟರಾದ ನಾನು ಮಕ್ಕಳಿಗೆ ಹೇಳುವ ಒಂದು ಉದಾಹರಣೆಯಿದೆ. ಗ್ರೇಮ್ ಓಬ್ರಿ ಸ್ಕಾಟ್ಲೆಂಡಿನ ಹವ್ಯಾಸಿ ಸೈಕಲ್ ಸವಾರ. ರಸ್ತೆಯ ಟೈಮ್ ಟ್ರಯಲ್ ಸ್ಪರ್ಧೆಗಳಲ್ಲಿ ಪಳಗಿದವರು. ಆಮೇಲೆ ಅವರ ಗಮನ ಟ್ರ್ಯಾಕಿನತ್ತ, ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಸಾಗುವ ವಿಶ್ವದಾಖಲೆಯತ್ತ ಹೊರಳಿತು. ಇಟಲಿಯ ಮೋಸರ್ 1984ರಲ್ಲಿ ಮಾಡಿದ್ದ 51.151 ಕಿ.ಮೀ. ದಾಖಲೆ ಒಂಬತ್ತು ವರ್ಷ ಹಾಗೆಯೇ ನಿಂತಿತ್ತು. ಓಬ್ರಿ ತಮ್ಮ ಸೈಕಲ್ಲನ್ನು ಕೈಯಾರೆ ಕಟ್ಟಿಕೊಂಡವರು. ಅದರಲ್ಲಿ ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಇತ್ತು. ಗಾಳಿಯ ತಡೆ ತಗ್ಗಲೆಂದು ತೋಳು ಮಡಚಿ ಎದೆಗೆ ಒತ್ತಿಕೊಂಡು ಕೂರುತ್ತಿದ್ದರು.

1993ರ ಜುಲೈ 16ರಂದು ನಾರ್ವೆಯ ಹಾಮಾರ್‌ನಲ್ಲಿ ಹೊಸದಾಗಿ ತಯಾರಾದ ಸೈಕಲ್ ಮೇಲೆ ಯತ್ನಿಸಿ ಸೋತರು. ಮರುದಿನವೇ ತಮ್ಮ ಹಳೆಯ ಸೈಕಲ್ ಹತ್ತಿ 51.596 ಕಿ.ಮೀ. ಕ್ರಮಿಸಿದರು. ಮುಂದೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅವರು ಕೂರುವ ಭಂಗಿಯನ್ನೇ ನಿಷೇಧಿಸಿತು. ಅವರು ತೋಳು ಮುಂದೆ ಚಾಚುವ ಬೇರೊಂದು ಭಂಗಿ ಕಂಡುಕೊಂಡು, 1995ರಲ್ಲಿ ಬೊಗೋಟಾದಲ್ಲಿ 4 ಕಿ.ಮೀ. ಪರ್ಸ್ಯೂಟ್‌ನಲ್ಲಿ ವಿಶ್ವ ಚಾಂಪಿಯನ್ ಆದರು.

ಗಮನಿಸಿ: ಹಳೆಯದು ಕೆಲಸಕ್ಕೆ ಬಂದಾಗ ಹಳೆಯದಕ್ಕೆ ಮರಳಿದರು; ಅದರ ದಾರಿ ಮುಚ್ಚಿದಾಗ ಹೊಸದನ್ನು ಹುಡುಕಿದರು. ಹಳೆಯದರ ಮೋಹವಿಲ್ಲ, ಹೊಸದರ ಮೋಹವೂ ಇಲ್ಲ. ಬದಲಾಗದೆ ಉಳಿದದ್ದು ಪ್ರಯತ್ನವೊಂದೇ.

ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿ ಭಗವಾನ್ ಬುದ್ಧರು ಹೇಳಿದ ತೆಪ್ಪದ ದೃಷ್ಟಾಂತ ನಮಗೆಲ್ಲ ಗೊತ್ತು. ತೆಪ್ಪ ಇರುವುದು ಹೊಳೆ ದಾಟಲು, ದಾಟಿದ ಮೇಲೆ ತಲೆಯ ಮೇಲೆ ಹೊರಲು ಅಲ್ಲ. ಆದರೆ ನಡುನೀರಿನಲ್ಲಿ ತೆಪ್ಪ ಬಿಡುವವನು ವಿವೇಕಿಯಲ್ಲ.

ಹಾಗಾದರೆ ಕೈಚೆಲ್ಲಿದವನೂ 'ನಾನು ಗುರಿ ಬದಲಿಸಿದೆ' ಎನ್ನಬಹುದಲ್ಲ? ಅನ್ನಬಹುದು. ಅದಕ್ಕೆ ಎರಡು ಪರೀಕ್ಷೆ ಸಾಕು. ಬದಲಾದ ಮೇಲೆ ಶ್ರಮ ಕಡಿಮೆಯಾಯಿತೇ, ಅಥವಾ ಶ್ರಮದ ರೂಪ ಮಾತ್ರ ಬದಲಾಯಿತೇ? ಹೊಸ ದಾರಿಯಿಂದ ನನಗೂ ಪರರಿಗೂ ಒಳಿತಿದೆಯೇ? ಸೈಕಲ್ ಸ್ಪರ್ಧೆಗೆ ಮೊದಲನೆಯದೇ ಸಾಕು. ಬದುಕಿಗೆ ಎರಡನೆಯದೂ ಬೇಕು. ಅದಿಲ್ಲದ ಪ್ರಯತ್ನ ಸಮ್ಯಕ್ ವ್ಯಾಯಾಮ ಆಗುವುದಿಲ್ಲ.

'ಇದ್ದ ಧರ್ಮ ಬಿಟ್ಟವರು' ಎಂಬ ಚುಚ್ಚುಮಾತು ನಮ್ಮಲ್ಲಿ ಹಲವರು ಕೇಳಿದ್ದೇವೆ. ಬಾಬಾಸಾಹೇಬರು 1930ರಲ್ಲಿ ನಾಸಿಕದ ಕಾಳಾರಾಮ ದೇಗುಲದ ಬಾಗಿಲಲ್ಲಿ ಸತ್ಯಾಗ್ರಹ ಹೂಡಿದರು. ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲಾದಲ್ಲಿ ಮತಾಂತರದ ನಿರ್ಧಾರ ಸಾರಿದರು. ಆಮೇಲೆ 21 ವರ್ಷ ಓದಿ, ಅಳೆದು, ತೂಗಿ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮ ಸ್ವೀಕರಿಸಿದರು. ಸಾಧನ ಬದಲಾಯಿತು; ಮನುಷ್ಯ ಘನತೆಯ ಗುರಿ ಒಂದಿಂಚೂ ಅಲುಗಲಿಲ್ಲ. ಇದನ್ನು ಚಂಚಲತೆ ಎನ್ನುವವರು ಛಲವನ್ನು ಅರಿಯದವರು.

ಇಂದಿನ ಮನನಕ್ಕೆ: ನಾನು ಬಿಡದೆ ಹಿಡಿದಿರುವುದು ಗುರಿಯನ್ನೋ, ತೆಪ್ಪವನ್ನೋ?

ಜೈಭೀಮ್. ನಮೋ ಬುದ್ಧಾಯ.