ಜಠರವೂ ಉಪವಾಸವೂ

ಅಷ್ಟಮಿ-ಚತುರ್ದಶಿಗಳಂದು ಉಪವಾಸವಿರುವುದು ಹೊಟ್ಟೆಯೋ, ಮನಸ್ಸೋ? ಪ್ರಶ್ನೆ ಹಳೆಯದು. ಚತುರ್ವಿಧಾಹಾರವನ್ನು ತ್ಯಜಿಸಿಯೂ ವಿಷಯ-ಕಷಾಯಗಳನ್ನು ಬಿಡದವನದು ಉಪವಾಸವಲ್ಲ, ಬರಿಯ ಲಂಘನವೆಂದು ಪೂರ್ವಾಚಾರ್ಯರು ನಿರ್ಣಯಿಸಿದ್ದಾರೆ. ದೇಹದೊಳಗಿನ ಅನ್ನಮಾರ್ಗವನ್ನು ತುಸು ಅರಿತರೆ ಈ ನಿರ್ಣಯದ ಸೂಕ್ಷ್ಮತೆ ಇನ್ನಷ್ಟು ವಿಶದವಾಗುತ್ತದೆ.

ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ, ಚೀಲದಂತಹ ಜಠರ, ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು, ಒಂದೂವರೆ ಮೀಟರಿನ ದೊಡ್ಡ ಕರುಳು—ಇಷ್ಟು ದೀರ್ಘವಾದ ಈ ದಾರಿಯಲ್ಲಿ ಮನುಷ್ಯನ ಇಚ್ಛೆ ನಡೆಯುವುದು ಅದರ ಎರಡು ತುದಿಗಳಲ್ಲಿ ಮಾತ್ರ. ತುತ್ತು ಗಂಟಲನ್ನು ದಾಟಿತೆಂದರೆ ಅನ್ನನಾಳದ ಸ್ನಾಯುಗಳು ಅಲೆಯಲೆಯಾಗಿ ಸಂಕುಚಿಸಿ ಅದನ್ನು ಕೆಳಗೆ ತಳ್ಳುತ್ತವೆ. ಜಠರವು ತೀಕ್ಷ್ಣವಾದ ಆಮ್ಲವನ್ನು ಸ್ರವಿಸಿ, ಕಡೆದು, ಅನ್ನವನ್ನು ಗಂಜಿಯಂತೆ ಮಾಡುತ್ತದೆ. ಸಣ್ಣ ಕರುಳಿನಲ್ಲಿ ಪಿತ್ತವೂ ಮೇದೋಜೀರಕ ರಸವೂ ಕೂಡಿ ಪಚನವನ್ನು ಮುಗಿಸುತ್ತವೆ. ಸಾರಾಂಶದ ಬಹುಪಾಲು ರಕ್ತದ ಮೂಲಕ ಯಕೃತ್ತನ್ನು ಸೇರುತ್ತದೆ. ನುಂಗಿದ ಮೇಲೆ ವ್ರತಿಗೆ ಯಾವ ಅಧಿಕಾರವೂ ಉಳಿಯುವುದಿಲ್ಲ. ಆದುದರಿಂದ ಸಂಯಮದ ಕ್ಷೇತ್ರ ಹೊಟ್ಟೆಯಲ್ಲ, ನಾಲಗೆ. ಪುರುಷನ ಪೂರ್ಣಾಹಾರ 32 ತುತ್ತೆಂದು ಎಣಿಸಿ, ಅದರಲ್ಲಿ ಒಂದನ್ನು ಕಡಿಮೆ ಮಾಡಿದರೂ ಅವಮೌದರ್ಯ ತಪಸ್ಸೆಂದು ಶಾಸ್ತ್ರಕಾರರು ಹೇಳಿದ್ದು ಇದೇ ಗಡಿಯನ್ನು ನೋಡಿಯೇ ಇರಬೇಕು.

ಆದರೆ ನಾಲಗೆಗೂ ಹಿಂದೆ ಮನಸ್ಸಿದೆ. 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಪಾವ್ಲೋವ್, ನಾಯಿ ನುಂಗಿದ ಆಹಾರ ಜಠರವನ್ನು ಮುಟ್ಟದೆ ಕತ್ತಿನಿಂದಲೇ ಹೊರಬೀಳುವಂತೆ ಮಾಡಿದ್ದನು. ಆದರೂ ಜಠರರಸ ಧಾರಾಳವಾಗಿ ಸ್ರವಿಸಿತು. (ಆ ಪ್ರಯೋಗದ ಹಿಂಸೆಯನ್ನು ಯಾವ ಶ್ರಾವಕನೂ ಒಪ್ಪಲಾರನು, ಅದರಿಂದ ತಿಳಿದುಬಂದುದನ್ನು ಅಲ್ಲಗಳೆಯಲೂ ಆಗದು.) ಅನ್ನದ ದರ್ಶನ, ಗಂಧ, ನೆನಪು—ಇಷ್ಟರಿಂದಲೇ ಜಠರ ಸಿದ್ಧವಾಗಿಬಿಡುತ್ತದೆ.

ಹೀಗಿರುವಾಗ ಅನೇಕ ಮನೆಗಳಲ್ಲಿ ನಡೆಯುವುದೇನು? ಚತುರ್ದಶಿಯಂದು ಉಪವಾಸವಿರುವ ಗೃಹಿಣಿಯೇ ಒಲೆಯ ಮುಂದೆ ನಿಂತು, ಒಗ್ಗರಣೆಯ ಘಮವನ್ನು ಉಸಿರಾಡುತ್ತ, ಉಪವಾಸವಿಲ್ಲದ ಉಳಿದವರಿಗಾಗಿ ಅಡಿಗೆ ಮಾಡುತ್ತಾಳೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದಂದು ಬಿಡಬೇಕಾದವುಗಳಲ್ಲಿ ಆರಂಭವನ್ನೂ ಹೇಳಿದ್ದಾರೆ. ಅಡಿಗೆಯೂ ಆರಂಭವೇ. ಆಕೆಯ ವ್ರತಕ್ಕೆ ಊನ ತಂದವರು ಯಾರು? ಆಕೆಯನ್ನು "ಮಹಾ ವ್ರತನಿಷ್ಠೆ" ಎಂದು ಹೊಗಳುತ್ತಲೇ ಬಿಸಿ ಅನ್ನಕ್ಕೆ ಕೈಚಾಚುವವರು ಈ ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣದು.

ಹಸಿವೆಯಾದರೂ ಸದಾ ಏರುತ್ತಲೇ ಹೋಗುವುದಲ್ಲ. ಅದನ್ನು ಪ್ರಚೋದಿಸುವ 'ಗ್ರೆಲಿನ್' ಎಂಬ ಸ್ರಾವವನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಗುರುತಿಸಿದರು. ರೂಢಿಯ ಊಟದ ವೇಳೆಗೆ ಅದು ಏರಿ, ಉಣ್ಣದಿದ್ದರೂ ತಾನಾಗಿ ಇಳಿಯುತ್ತದೆ. ಮಧ್ಯಾಹ್ನವನ್ನು ಸ್ವಾಧ್ಯಾಯದಲ್ಲಿ ಕಳೆದವರಿಗೆ ಇದು ಅನುಭವದಿಂದಲೇ ಗೊತ್ತು. ಯಕೃತ್ತು ಕೂಡಿಟ್ಟ ಶರ್ಕರಾಂಶ ಹೆಚ್ಚುಕಡಿಮೆ ಒಂದು ದಿನಕ್ಕೆ ಸಾಕು. ಅನಂತರ ದೇಹವು ಮುಖ್ಯವಾಗಿ ತನ್ನ ಮೇದಸ್ಸನ್ನು ಕರಗಿಸಿಕೊಳ್ಳುತ್ತದೆ. ಸ್ವಸ್ಥನಿಗೆ ಒಂದು ದಿನದ ಉಪವಾಸ ಅಸಾಧ್ಯವೇನಲ್ಲ.

ಎಲ್ಲರೂ ಸ್ವಸ್ಥರಲ್ಲ. ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರ ರಕ್ತದ ಸಕ್ಕರೆ ಅನ್ನವಿಲ್ಲದೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವೈದ್ಯರನ್ನು ಕೇಳದೆ ಔಷಧವನ್ನೇ ಬಿಟ್ಟರೆ ಬೇರೊಂದು ಅಪಾಯ. ದಶಲಕ್ಷಣ ಪರ್ವದಲ್ಲಿ ಕಾಯಿಲೆಯನ್ನು ಮರೆಮಾಚಿ ಸಾಲು ಉಪವಾಸ ಹಿಡಿಯುವ ವೃದ್ಧರಿದ್ದಾರೆ. ಹತ್ತು ಜನರ ಮುಂದೆ ಆಗುವ ಸನ್ಮಾನ ಅವರಲ್ಲಿ ಕೆಲವರನ್ನಾದರೂ ಸೆಳೆದಿರಬಹುದು. ಹಾಗಾದಲ್ಲಿ ಅನ್ನ ಬಿಟ್ಟ ದಿನವೇ ಮಾನಕಷಾಯಕ್ಕೆ ಊಟ ಬಡಿಸಿದಂತಾಯಿತು. ಷೋಡಶಕಾರಣ ಭಾವನೆಗಳಲ್ಲಿ ಒಂದರ ಹೆಸರೇ ಶಕ್ತಿತಸ್ತಪ. ಶಕ್ತಿಯನ್ನು ಅಡಗಿಸಿ ಆಲಸ್ಯಪಡುವುದು ದೋಷವಾದಂತೆ ಇಲ್ಲದ ಶಕ್ತಿಯನ್ನು ಮೆರೆಯುವುದೂ ಆ ಹೆಸರಿಗೆ ಒಪ್ಪದು. ಅಂಥವರಿಗೆ ರಸಪರಿತ್ಯಾಗವಿದೆ, ಅವಮೌದರ್ಯವಿದೆ. ಬಾಹ್ಯತಪಸ್ಸಿನ ಆರು ಭೇದಗಳಲ್ಲಿ ಅನಶನಕ್ಕೆ ಎಷ್ಟು ಸ್ಥಾನವೋ ಇವಕ್ಕೂ ಅಷ್ಟೇ.

ಒಲೆಯ ಮುಂದೆ ನಿಂತ ಆ ಗೃಹಿಣಿಗೆ ಮಾತ್ರ ಈ ಆಯ್ಕೆ ಒಬ್ಬಳಿಂದ ಆಗುವಂಥದಲ್ಲ. ಮನೆಯ ಉಳಿದವರು ಅಂದು ಏಕಭುಕ್ತಿಗೆ ಒಪ್ಪಿ, ತಮ್ಮ ಗಂಜಿಯನ್ನು ತಾವೇ ಕಾಯಿಸಿಕೊಂಡರೆ ಆಕೆ ಬಸದಿಗೆ ಹೋಗಿ ಕುಳಿತಾಳು.